ಅಪ್‌ಡೇಟ್: ಬೆಲೆ ಏರಿಸಿದರೆ ಆದಾಯ ಇಳಿಯುವುದು ಯಾಕೆ?

ಬೆಲೆ ಏರಿಸುತ್ತಾ ಹೋದರೆ ಆದಾಯ ಮೊದಲು ಏರಿ ಆಮೇಲೆ ಇಳಿಯುವುದು ಯಾಕೆ ಎಂದು ಕೇಳಿದ್ದೆ. ಬೇಡಿಕೆ = 120 − 2 × ಬೆಲೆ ಎಂದು ಕೊಟ್ಟಿದ್ದರು. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್, ಈಗ ಪೂರ್ತಿ ಅರ್ಥವಾಯಿತು.

ಅಪವರ್ತಿಸಿ (ಅಂದರೆ ಗುಣಾಕಾರದ ರೂಪಕ್ಕೆ ಬಿಡಿಸಿ) ನೋಡಿ ಎಂದಿರಲ್ಲ, ಕೆಲಸಕ್ಕೆ ಬಂದಿದ್ದು ಅದೇ. ಆದಾಯ = ಬೆಲೆ × ಬೇಡಿಕೆ = 2 × ಬೆಲೆ × (60 − ಬೆಲೆ). ಬೆಲೆ 0 ಆದರೂ ಆದಾಯ ಸೊನ್ನೆ, 60 ಆದರೂ ಸೊನ್ನೆ. ಆದಾಯದ ನಕ್ಷೆ ಕಮಾನಿನಂಥ ಪರವಲಯ, ಹಾಗಾಗಿ ಅದರ ಮೇಲ್ತುದಿ ನಟ್ಟನಡುವೆ, 30ರಲ್ಲಿ. ಆಗ ಆದಾಯ 1800. ಬೆಲೆ 20 ಇಟ್ಟರೂ 40 ಇಟ್ಟರೂ ಬರುವುದು ಅದೇ 1600. ಆದರೆ 20ಕ್ಕೆ 80 ವಸ್ತು ಮಾರಬೇಕು, 40ಕ್ಕೆ ಬರೀ 40 ಸಾಕು! ಇದು ನನಗೆ ತುಂಬಾ ಹಿಡಿಸಿತು.

ಅಲ್ಲಿಗೇ ಬಿಡಲು ಮನಸ್ಸು ಬರಲಿಲ್ಲ. ಒಂದೊಂದು ವಸ್ತುವಿಗೆ 10 ಖರ್ಚು ಎಂದಿಟ್ಟುಕೊಂಡೆ. ಲಾಭ = (ಬೆಲೆ − 10) × (120 − 2 × ಬೆಲೆ). ಇದು ಸೊನ್ನೆಯಾಗುವುದು 10 ಮತ್ತು 60ರಲ್ಲಿ, ಅಂದರೆ ತುದಿ 35ಕ್ಕೆ ಜರುಗುತ್ತದೆ. 30ರಲ್ಲಿ ಲಾಭ 1200, 35ರಲ್ಲಿ 1250. ಜಾಸ್ತಿ ಆದಾಯ ತರುವ ಬೆಲೆಯೇ ಜಾಸ್ತಿ ಲಾಭ ತರಬೇಕೆಂದಿಲ್ಲ, ಅಲ್ವಾ?

ಬೇಡಿಕೆಗೆ ಸರಳರೇಖೆಯ ಬದಲು ಘನ ಬಹುಪದ (ಬೆಲೆಯ ಮೂರನೇ ಘಾತದವರೆಗೆ ಹೋಗುವ ಸೂತ್ರ) ಸೂಚಿಸಿದವರಿಗೆ: ಅದು ನಾಲ್ಕು ಬೆಲೆ-ಬೇಡಿಕೆ ಬಿಂದುಗಳ ಮೂಲಕ ಸರಿಯಾಗಿ ಹಾದುಹೋಗುತ್ತದೆ, ನಿಜ. ಆದರೆ ಅವುಗಳಾಚೆ ಬೆಲೆ ಏರಿದಂತೆ ಬೇಡಿಕೆಯೂ ಏರುವ ಹಾಗೆ ತೋರಿಸಬಹುದು. ಸದ್ಯಕ್ಕೆ ನನಗೆ ಸರಳರೇಖೆಯೇ ಸಾಕು.