ಹೆಪ್ಪು ಹೋದ ಮೇಲೂ ಕಾಲು ಯಾಕೆ ಊದುತ್ತದೆ?

ಪ್ರಶ್ನೆ: ಡಾಕ್ಟರೇ, ನನಗೆ 46 ವರ್ಷ, ಹೈಸ್ಕೂಲ್ ಟೀಚರ್. ಎರಡು ವರ್ಷದ ಹಿಂದೆ ಎಡಗಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ, ಅದರ ಚೂರು ಶ್ವಾಸಕೋಶಕ್ಕೂ ಹೋಗಿತ್ತು. ಆರು ತಿಂಗಳು ಮಾತ್ರೆ ತಗೊಂಡೆ. ಉಸಿರಾಟ ಈಗ ಸರಿಯಾಗಿದೆ. ಆದರೆ ಶಾಲೆ ಬಿಡುವ ಹೊತ್ತಿಗೆ ಆ ಕಾಲು ಕಲ್ಲು ಕಟ್ಟಿದ ಹಾಗೆ ಭಾರ. ಹೆಬ್ಬೆರಳಿಂದ ಒತ್ತಿದರೆ ಗುಳಿ ಬೀಳುತ್ತದೆ. ಪಾದದ ಗಂಟಿನ ಒಳಬದಿ ಚರ್ಮ ಕಂದಾಗಿದೆ, ತುರಿಕೆ ಬೇರೆ. ಮತ್ತೆ ಹೆಪ್ಪುಗಟ್ಟಿದೆಯಾ? ಎಣ್ಣೆ ಹಚ್ಚಿ ತಿಕ್ಕಬಹುದಾ?

ಉತ್ತರ: ಮೇಡಂ, ಸದ್ಯಕ್ಕೆ ತಿಕ್ಕಬೇಡಿ. ಮೊದಲು ಡಾಪ್ಲರ್ ಸ್ಕ್ಯಾನ್ ಮಾಡಿಸಿ, ಹೊಸ ಹೆಪ್ಪು ಇದೆಯಾ ಅಂತ ಅದರಲ್ಲೇ ಗೊತ್ತಾಗುತ್ತದೆ. ನೀವು ಹೇಳಿದ್ದು ನೋಡಿದರೆ ಇದು ಹಳೆಯ ಹೆಪ್ಪು ಬಿಟ್ಟುಹೋದ ತೊಂದರೆ ಅನ್ನಿಸುತ್ತದೆ. ಪೋಸ್ಟ್ ಥ್ರಾಂಬೋಟಿಕ್ ಸಿಂಡ್ರೋಮ್ ಅಂತಾರೆ. ಕಾಲಿನ ಹೆಪ್ಪು ಆದವರಲ್ಲಿ 100ಕ್ಕೆ 20ರಿಂದ 50 ಜನರಿಗೆ ಬರುತ್ತದೆ, ಹೆಚ್ಚಾಗಿ ಮೊದಲ ಎರಡು ವರ್ಷದಲ್ಲೇ. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಇದನ್ನು ಎಷ್ಟೋ ಜನರಿಗೆ ಯಾರೂ ಹೇಳಿರುವುದಿಲ್ಲ. ನನಗೆ ಬೇಸರ ಅದೇ.

ಕಾಲಿನ ರಕ್ತನಾಳದೊಳಗೆ ಸಣ್ಣ ಕವಾಟಗಳಿವೆ. ರಕ್ತ ಮೇಲಕ್ಕೆ ಹೋಗಲಿ, ಕೆಳಗೆ ಜಾರದಿರಲಿ ಅಂತ. ಹೆಪ್ಪು ಅವನ್ನು ಹಾಳು ಮಾಡಿರುತ್ತದೆ. ಮಾತ್ರೆ ಹೆಪ್ಪು ಬೆಳೆಯದಂತೆ ತಡೆಯುತ್ತದೆ, ಕವಾಟ ರಿಪೇರಿ ಮಾಡುವುದಿಲ್ಲ. ನಿಂತೇ ಪಾಠ ಮಾಡಿದರೆ ರಕ್ತ ಕೆಳಗೇ ನಿಲ್ಲುತ್ತದೆ. ಅದು ಚರ್ಮಕ್ಕೆ ಸೋರಿ, ಅದರಲ್ಲಿನ ಕಬ್ಬಿಣ ಉಳಿದು ಕಂದು ಕಲೆ ಆಗುತ್ತದೆ. ಬೇಗ ಮಾಯದ ಹುಣ್ಣು ಏಳುವುದೂ ಅದೇ ಜಾಗದಲ್ಲಿ. ಕೆರೆಯಬೇಡಿ. ವ್ಯಾಸಲೀನ್ ಮೆತ್ತಗೆ ಸವರಿ.

ಒತ್ತಡದ ಸಾಕ್ಸ್, ಅಂದರೆ ಕಾಲನ್ನು ಬಿಗಿಯಾಗಿ ಒತ್ತಿಹಿಡಿಯುವ ಕಾಲುಚೀಲ, ಹಾಕಿದರೆ ಊತ, ಭಾರ ಕಡಿಮೆಯಾಗುತ್ತದೆ. ಆದರೆ ಪಾದಕ್ಕೆ ರಕ್ತ ಸರಿಯಾಗಿ ಇಳಿಯುತ್ತಿದೆಯಾ ಅಂತ ಡಾಕ್ಟರ್ ನೋಡಿದ ಮೇಲೇ, ಅಳತೆ ಕೊಟ್ಟು ತಗೊಳ್ಳಿ. ಕ್ಲಾಸಲ್ಲಿ ಒಂದೇ ಕಡೆ ನಿಲ್ಲದೆ ಬೆಂಚುಗಳ ನಡುವೆ ಓಡಾಡಿ. ಮೀನಖಂಡವೇ ರಕ್ತವನ್ನು ಮೇಲಕ್ಕೆ ತಳ್ಳುವ ಪಂಪು. ಮನೆಗೆ ಬಂದು ಅರ್ಧ ಗಂಟೆ ಮಲಗಿ, ಕಾಲು ಎದೆಗಿಂತ ಎತ್ತರ ಇಡಿ.

ಊತ ಇದ್ದಕ್ಕಿದ್ದಂತೆ ಜಾಸ್ತಿಯಾದರೆ, ಎದೆನೋವು, ಉಸಿರು ಕಟ್ಟುವುದು, ಕೆಮ್ಮಿದಾಗ ರಕ್ತ ಬರುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಇನ್ನೊಬ್ಬರು: ಸರ್, ನಮ್ಮ ಅತ್ತೆಗೂ ಇದೇ ತೊಂದರೆ. ಆ ಸಾಕ್ಸ್ ಏರಿಸೋಕೇ ಆಗಲ್ಲ, ಅಳ್ತಾರೆ.

ಉತ್ತರ: ಎದ್ದು ಓಡಾಡಿದ ಮೇಲೆ ಹಾಕುತ್ತಿದ್ದೀರಾ ಅಲ್ವಾ? ಅಷ್ಟರಲ್ಲಿ ಕಾಲು ಊದಿರುತ್ತದೆ. ಬೆಳಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲೇ ಹಾಕಿ. ಸಾಕ್ಸನ್ನು ಹಿಮ್ಮಡಿವರೆಗೆ ಒಳಹೊರಗು ಮಾಡಿ, ಮೊದಲು ಪಾದ ತೂರಿಸಿ. ಆಮೇಲೆ ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು ಅಂಗೈಯಿಂದ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಸವರಿ. ಅಂಚು ಹಿಡಿದು ಎಳೆಯಬೇಡಿ. ಆಗಲೂ ನೋವಾದರೆ ಅಳತೆ ತಪ್ಪಿರಬಹುದು, ಮತ್ತೆ ತೋರಿಸಿ.