ದೇವಸೇವೆಗೆ ಮುನ್ನ ದೇವತಾಶಾಸ್ತ್ರದ ಪದವಿ ಬೇಕೇ?

ಪ್ರಶ್ನೆ (ಸಿಂಧನೂರಿನ ಓದುಗ):
ಬಿ.ಎ. ಮುಗಿಸಿರುವ ನಾನು ಚರ್ಚಿನ ಸಭಾಪಾಲಕನಾಗಬೇಕೆಂದು ಮೂರು ವರ್ಷಗಳಿಂದ ಪ್ರಾರ್ಥಿಸುತ್ತಿದ್ದೇನೆ. ಭತ್ತದ ಕೊಯ್ಲಿಗೆ ನಾನು ಬೇಕೆನ್ನುವ ಅಪ್ಪ, ಬೈಬಲ್ ಓದಲು ಕಾಲೇಜು ಏಕೆ ಎನ್ನುತ್ತಾರೆ. ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ, ಅಂದರೆ ದೇವತಾಶಾಸ್ತ್ರದ) ಪದವಿ ನಿಜಕ್ಕೂ ಅಗತ್ಯವೇ?

ಉತ್ತರ 1 (ಬಳ್ಳಾರಿಯ ನಿವೃತ್ತ ಸಭಾಪಾಲಕ):
ಸಹೋದರರೇ, ಅಗತ್ಯವೆಂದೇ ನನ್ನ ದೃಢವಾದ ಅಭಿಪ್ರಾಯ. 1810ರಲ್ಲಿ ನಮ್ಮ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲು ಕನ್ನಡ ಕಲಿತು, ನಂತರ ವರ್ಷಗಟ್ಟಲೆ ಬೈಬಲ್ ಅನುವಾದದಲ್ಲಿ ತೊಡಗಿದರು. ಅಂಥ ಶ್ರಮದ ಫಲವನ್ನು ಕೈಯಲ್ಲಿ ಹಿಡಿದು ಬೋಧಿಸುವವರು ಹೀಬ್ರೂ, ಗ್ರೀಕ್ ಮೂಲಗಳ ಪರಿಚಯವಿಲ್ಲದೆ ಪೀಠ ಏರುವುದು ಸರಿಯಲ್ಲ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು, ಬೆಂಗಳೂರಿನಲ್ಲಿ 1910ರಲ್ಲಿ ಆರಂಭವಾದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು ಎರಡೂ ಈ ಪದವಿ ನೀಡುವ ಸೆರಾಂಪುರ ಸೆನೆಟ್‌ಗೆ ಸೇರಿವೆ. ಅರ್ಜಿಗೆ ಮುನ್ನ ನಿಮ್ಮ ಸಭೆಯ ಹಿರಿಯರೊಡನೆ ಮಾತನಾಡಿ, ಏಕೆಂದರೆ ಶಿಫಾರಸು ಪತ್ರ ಅಲ್ಲಿಂದಲೇ ಬರಬೇಕು.

ಉತ್ತರ 2 (ಕೊಪ್ಪಳದ ವಿದ್ಯಾರ್ಥಿನಿ):
ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಒಂದನ್ನು ಸೇರಿಸಬೇಕು. ರಜೆಗೆ ಊರಿಗೆ ಬಂದಾಗ, ದಪ್ಪಕ್ಷರದ ಬೈಬಲಿನ ಸಾಲಿನ ಮೇಲೆ ಬೆರಳಿಟ್ಟು ಓದುತ್ತಿದ್ದ ಅಜ್ಜಿಯೊಬ್ಬರು, "ಯೋಬನಿಗೆ ದೇವರು ಯಾಕವ್ವಾ ಹಂಗ ಮಾಡಿದ?" ಎಂದು ಕೇಳಿದರು. ನೀತಿವಂತನಾಗಿದ್ದೂ ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನ ಕಥೆ ಹೇಳುವ ಬೈಬಲಿನ ಆ ಗ್ರಂಥದ ಕುರಿತು ಪರೀಕ್ಷೆಯಲ್ಲಿ ಎಂಟು ಪುಟ ಬರೆದಿದ್ದ ನನಗೆ ಉತ್ತರ ಹೊಳೆಯಲಿಲ್ಲ. ಅವರ ಮಗ ಆ ವರ್ಷವೇ ತೀರಿಕೊಂಡಿದ್ದ. ಓದುವ ವರ್ಷಗಳಲ್ಲೂ ಪ್ರತಿ ರಜೆಯಲ್ಲಿ ಮನೆಮನೆಗೆ ಹೋಗಿ ಕುಳಿತುಕೊಳ್ಳಿ, ಅಣ್ಣ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ಭಾನುವಾರ ಆರಾಧನೆಯ ನಂತರ ಅಪ್ಪನನ್ನೂ ಕರೆದುಕೊಂಡು ಸಭಾಪಾಲಕರನ್ನು ಕಾಣುತ್ತೇನೆ.