ಒಂದೇ ಪ್ರವಾಸದ ಕಛೇರಿಗಳು, ಶ್ರುತಿ ಮಾತ್ರ ಬೇರೆ ಬೇರೆ

ಪ್ರಶ್ನೆ (ಧಾರವಾಡ):
ನನ್ನ ಸೋದರಮಾವ ತಮ್ಮ ಮೆಚ್ಚಿನ ಗಾಯಕರ ಬೆನ್ನು ಹತ್ತಿ ಹುಬ್ಬಳ್ಳಿ, ಗದಗ, ಹಾವೇರಿ ಸುತ್ತಿ ಧ್ವನಿಮುದ್ರಿಸಿಕೊಂಡ ಕ್ಯಾಸೆಟ್‌ಗಳನ್ನು ಒಂದು ಸಂಗ್ರಹವಾಗಿ ಜೋಡಿಸುತ್ತಿದ್ದೇನೆ. ಗದಗಿನ ಯಮನ್ ರಾಗಕ್ಕಿಂತ ಹಾವೇರಿಯದು ಅರ್ಧ ಸ್ವರ ಮೇಲಿದೆ. ಗಾಯಕರೇ ಶ್ರುತಿ ಏರಿಸಿದರೋ, ಟೇಪಿನ ಕಿತಾಪತಿಯೋ?

ಉತ್ತರ (ಹುಬ್ಬಳ್ಳಿ):
ನನಗೆ ಟೇಪಿನ ಮೇಲೆಯೇ ಗುಮಾನಿ, ಸರ್. ಬ್ಯಾಟರಿ ಸೊರಗಿದರೆ ರೆಕಾರ್ಡರ್ ನಿಧಾನವಾಗಿ ಓಡುತ್ತದೆ. ಅದನ್ನೇ ಸರಿಯಾದ ವೇಗದಲ್ಲಿ ಕೇಳಿದಾಗ ಸ್ವರ ಏರುತ್ತದೆ. ಧ್ವನಿವರ್ಧಕದ ಗುಂಯ್ ಸದ್ದು ಹಿನ್ನೆಲೆಯಲ್ಲಿದ್ದರೆ ಅದನ್ನು ಅಳೆಯಿರಿ. ಆ ಸದ್ದು ವಿದ್ಯುತ್ತಿನದು, ನಮ್ಮ ವಿದ್ಯುತ್ 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ). ಹಾವೇರಿ ಟೇಪಿನಲ್ಲಿ ಅದು 53ರ ಸುಮಾರು ಬಂದರೆ ಕಳ್ಳ ಸಿಕ್ಕಿಬಿದ್ದ. ಕೂದಲೆಳೆಯ ಲೆಕ್ಕ ಬೇಡ, ಆಗ ವಿದ್ಯುತ್ತೂ 50ಕ್ಕೆ ಕದಲದೆ ನಿಲ್ಲುತ್ತಿರಲಿಲ್ಲ.

ಉತ್ತರ (ಗದಗ):
ತಿದ್ದುವ ಮೊದಲು ಮೂಲವನ್ನು ಫ್ಲ್ಯಾಕ್‌ನಲ್ಲಿ (ಗುಣಮಟ್ಟ ಕಳೆಯದ ಧ್ವನಿ ಕಡತ) ಹಾಗೆಯೇ ಇಟ್ಟುಕೊಳ್ಳಿ. ಗದ್ದಲ ತೆಗೆಯುವ ತಂತ್ರಾಂಶ ತಂಬೂರಿಯನ್ನೂ ನುಂಗಿಬಿಡುತ್ತದೆ. ಜನರ ‘ವಾಹ್ ವಾಹ್’ಗೆ ಕತ್ತರಿ ಹಾಕಬೇಡಿ, ದಯವಿಟ್ಟು.

ಪ್ರಶ್ನೆ ಕೇಳಿದವರು:
ಅಳೆದೆ, 52.8! ಕೆಮ್ಮುವವರೊಬ್ಬರು ಮೂರೂ ಊರಿನಲ್ಲಿದ್ದಾರೆ. ಮಾವನೇ ಇರಬೇಕು, ಅವರಿಗೂ ಕತ್ತರಿ ಇಲ್ಲ.